ಅಂಜನದ ಮಶಿನ್ನು, ಜೋಡಿ ಲೈನಿನ ಕಂಬ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ವರ್ಷ ಮೇಡ್ಲೇರಿ ದಾರಿಯ ಕಂಬವೊಂದರ ಮೇಲೆ ಒಬ್ಬ ಮನುಷ್ಯ ಸಾಯುವುದರಲ್ಲಿದ್ದ. ಅವನನ್ನು ಅಲ್ಲಿಗೆ ಏರಿಸಿದ್ದು ನನ್ನ ಬಾಯಿ. ಕೈಯೂ ಅದಕ್ಕೆ ಮೊದಲೇ ತನ್ನ ಪಾಲಿನ ತಪ್ಪು ಮಾಡಿಟ್ಟಿತ್ತು, ಅದನ್ನೂ ಹೇಳುತ್ತೇನೆ. ಆದರೆ ದೊಡ್ಡ ಅಪರಾಧಿ ಬಾಯಿಯೇ. ದೇವರು ನನಗೆ ರೂಪ ಕೊಡಲಿಲ್ಲ, ಗಣಿತ ಕೊಡಲಿಲ್ಲ, ಇನ್ನೊಬ್ಬರ ದನಿ ಕದಿಯುವ ಗಂಟಲೊಂದನ್ನು ಕೊಟ್ಟು ಕೈತೊಳೆದುಕೊಂಡ.

ಮೊನ್ನೆ ಬ್ಯಾಡಗಿಯಲ್ಲಿ ಬಸ್ ಇಳಿದೆ. ಮೆಣಸಿನಕಾಯಿ ಸುಗ್ಗಿ. ಬಾಗಿಲು ತೆರೆದ ಕೂಡಲೇ ಆ ಘಾಟು ಒಳಗೆ ನುಗ್ಗಿತು. ನನ್ನ ಮುಂದಿದ್ದ ಹಿರಿಯರು ಮೂರು ಸಲ ಸೀನಿ, ಮೂರನೆಯದಕ್ಕೆ "ಶಿವಾ" ಸೇರಿಸಿದರು. ನಾನೂ ಸೀನಿದೆ. ಹಾಳು ಅಭ್ಯಾಸ, ಅವರದೇ ಧಾಟಿಯಲ್ಲಿ, "ಶಿವಾ" ಸಹಿತ. ಅವರು ತಿರುಗಿ ಒಮ್ಮೆ ನೋಡಿದರು. ಬೈಯಲಿಲ್ಲ. ತಮ್ಮ ದನಿ ತಮ್ಮ ಬೆನ್ನ ಹಿಂದಿನಿಂದ ಬಂದರೆ ಮನುಷ್ಯನ ಮುಖ ಹೇಗಾಗುತ್ತದೋ ಹಾಗಿತ್ತು ಅವರ ಮುಖ. ಆ ಮುಖವೂ ಈ ಘಾಟೂ ಸೇರಿ ನನ್ನನ್ನು ಮೂರು ಸುಗ್ಗಿ ಹಿಂದಕ್ಕೆ ಎಳೆದುಕೊಂಡು ಹೋದವು.

ಎರಡು ಸಾವಿರದ ಏಳನೆಯ ಇಸವಿ. ನಾನು ಒಂದು ಗುತ್ತಿಗೆ ಸಂಸ್ಥೆಯ ನೌಕರ. ವಯಸ್ಸು ಇಪ್ಪತ್ಮೂರು, ಡಿಪ್ಲೊಮಾ ಪಾಸು, ಹೇಗೆ ಪಾಸಾದೆ ಎಂದು ನನ್ನನ್ನು ಕೇಳಬೇಡಿ. ವಿದ್ಯುತ್ ಇಲಾಖೆಯವರ ಹಾವೇರಿ ಕಚೇರಿಯಲ್ಲಿ ಆಗಲೇ ಒಂದು ನಕ್ಷೆ ಇತ್ತು. ಕಂಪ್ಯೂಟರಿನಲ್ಲಿ ತೆರೆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಲ್ಲ ಕಡೆಯ ಕಂಬ, ಟ್ರಾನ್ಸ್‌ಫಾರ್ಮರು, ತಂತಿ, ಒಂದೊಂದೂ ಬಣ್ಣಬಣ್ಣವಾಗಿ ಕಾಣುತ್ತಿತ್ತು. ಇಲಾಖೆಯ ಯಾವ ಕಚೇರಿಯಲ್ಲಿ ಕುಳಿತವರೂ ಅದನ್ನು ನೋಡಬಹುದಿತ್ತು. ತೊಂದರೆ ಏನೆಂದರೆ ಕಂಬಗಳು ಹೊಲದಲ್ಲಿದ್ದವು, ನಕ್ಷೆ ಮೇಜಿನ ಮೇಲಿತ್ತು. ಅದನ್ನು ಮೇಜಿನಿಂದ ಇಳಿಸಿ ಲೈನ್‌ಮ್ಯಾನ್‌ಗಳ ಜೇಬಿಗೆ ಹಾಕುವುದು ನಮ್ಮ ಕೆಲಸ. ಅದಕ್ಕೆಂದು ನಾಲ್ಕು ಕೈಮಶಿನ್ ಕೊಟ್ಟಿದ್ದರು. ಬಟ್ಟೆ ಸೋಪಿನಷ್ಟು ದಪ್ಪ, ಅದಕ್ಕಿಂತ ಭಾರ, ಚುಚ್ಚಿ ಚುಚ್ಚಿ ಬರೆಯಲು ಒಂದು ಪ್ಲಾಸ್ಟಿಕ್ ಕಡ್ಡಿ. ಉಪಗ್ರಹದಿಂದ ಜಾಗ ಹಿಡಿದು, ನಾವು ನಿಂತಲ್ಲಿ ಒಂದು ನೀಲಿ ಚುಕ್ಕೆ ತೋರಿಸುತ್ತಿತ್ತು.

ಲೈನ್‌ಮ್ಯಾನ್ ಫಕ್ಕೀರಪ್ಪ ಅದಕ್ಕೆ ಮೊದಲ ದಿನವೇ ಹೆಸರಿಟ್ಟ. ಕಳುವಾದ ಎಮ್ಮೆ ಎಲ್ಲಿದೆ ಎಂದು ವೀಳ್ಯದೆಲೆಗೆ ಕಪ್ಪು ಹಚ್ಚಿ ಅದರಲ್ಲಿ ನೋಡಿ ಹೇಳುತ್ತಾರಲ್ಲ, ಅಂಜನ, ಅದೇ ಹೆಸರು.

"ಏನೈತೋ ತಮ್ಮಾ ನಿನ್ನ ಅಂಜನದಾಗ ಇವತ್ತು?"

"ನಿನ್ನ ಎರಡನೇ ಲಗ್ನ ಕಾಣಾಕತ್ತೈತಿ ಕಾಕಾ."

"ಹಂಗಾರ ಮಶಿನ್ ಕೆಟ್ಟೈತಿ, ರಿಪೇರಿಗೆ ಕೊಡು."

ಫಕ್ಕೀರಪ್ಪ ಐವತ್ತು ದಾಟಿದವನು, ತೆಳ್ಳಗೆ, ಅವನೇ ಒಂದು ಕಂಬದ ಹಾಗೆ. ಒಂದು ಕಿವಿ ಸ್ವಲ್ಪ ಮಂದ. ನಾನು ಅವನ ದನಿಯನ್ನು ಒಂದೇ ವಾರದಲ್ಲಿ ಹಿಡಿದೆ. ಗಂಟಲಿನ ತಳದಲ್ಲಿ ಒಂದು ಮುಷ್ಟಿ ಮರಳು ಇಟ್ಟುಕೊಂಡು ಮಾತಾಡಿದರೆ ಫಕ್ಕೀರಪ್ಪ. ಹಾವೇರಿಯ ಪಾಟೀಲ ಸಾಹೇಬರು ಇನ್ನೂ ಸುಲಭ. ಈ ನಕ್ಷೆಯ ಯೋಜನೆಗೆ ಅವರೇ ಮುಖ್ಯಸ್ಥರು. ಮಾತಿಗೆ ಮೊದಲು ಒಮ್ಮೆ ಕೆಮ್ಮಿ "ವಿಷಯ ಏನಂದ್ರ" ಎಂದರೆ ಅರ್ಧ ಸಾಹೇಬರು ತಯಾರು. ಬ್ಯಾಡಗಿಯಲ್ಲಿ ನನ್ನ ಬಾಡಿಗೆ ಕೋಣೆಯ ಹಿಂದೆ ಒಬ್ಬ ವ್ಯಾಪಾರಿಯ ಮೆಣಸಿನಕಾಯಿ ಕಣವಿತ್ತು. ತೊಟ್ಟು ಬಿಡಿಸುವ ಹೆಂಗಸರ ಮುಂದೆ ಸಂಜೆ ಸಂಜೆ ನನ್ನ ದರ್ಬಾರು. ಅವರು ನಗುತ್ತ ಸೀನುತ್ತ, ಸೀನುತ್ತ ನಗುತ್ತ, "ಸಾಕು ಬಿಡೋ ಹಾಳಾದವನ" ಎನ್ನುತ್ತಿದ್ದರು. ಅವರಲ್ಲೇ ಒಬ್ಬ ಮುದುಕಿ ಒಮ್ಮೆ ನಗು ನಿಲ್ಲಿಸಿ ಕೇಳಿದಳು: "ಎಲ್ಲಾರ ದನೀನೂ ಮಾಡ್ತಿ, ನಿಂದು ಯಾವುದೋ?" ನಾನು ಅವಳ ದನಿಯಲ್ಲೇ "ನಿಂದು ಯಾವುದೋ?" ಎಂದೆ. ಯಾರೂ ನಗಲಿಲ್ಲ. ಆ ಸಂಜೆ ದರ್ಬಾರು ಬೇಗ ಮುಗಿಯಿತು.

ಈಗ ನನ್ನ ಕೈ ಮಾಡಿದ ತಪ್ಪು. ಹಾವೇರಿಯ ನಕ್ಷೆ ಇದ್ದದ್ದಿದ್ದ ಹಾಗೆ ಕೈಮಶಿನ್ನಿನಲ್ಲಿ ಹಿಡಿಸುತ್ತಿರಲಿಲ್ಲ. ತೆರೆದರೆ ಮಶಿನ್ನು ಉಸಿರುಗಟ್ಟಿ ನಿಂತುಬಿಡುತ್ತಿತ್ತು. ಅದಕ್ಕೆ ನಾನು ನಕ್ಷೆಯನ್ನು ತುಂಡು ಮಾಡಿ, ಸವರಿ, ಹಗುರ ಮಾಡುತ್ತಿದ್ದೆ. ಹತ್ತಿರಹತ್ತಿರ ಓಡುವ ಎರಡು ಗೆರೆಗಳನ್ನು ಒಂದೇ ಗೆರೆ ಮಾಡಿದೆ. ಪರದೆ ಚೊಕ್ಕಟವಾಯಿತು. ಪಾಟೀಲ ಸಾಹೇಬರು ಕೆಮ್ಮಿ, "ವಿಷಯ ಏನಂದ್ರ, ಈಗ ಕಣ್ಣಿಗೆ ಹಿತ ಆತು" ಎಂದರು. ಒಂದೇ ಕಂಬದ ಮೇಲೆ ಎರಡು ಲೈನು ಹೋಗುವ ಜಾಗಗಳೂ ಇರುತ್ತವೆ ಎಂಬುದು ಆಗ ನನ್ನ ತಲೆಗೆ ಬರಲಿಲ್ಲ.

ಇನ್ನೊಂದು ಸಂಗತಿ ಮಾತ್ರ ಮೊದಲ ವಾರದಿಂದಲೇ ನನ್ನ ನಿದ್ದೆ ಕೆಡಿಸಿತ್ತು. ರಾಣೆಬೆನ್ನೂರು ದಾಟಿ ಮೇಡ್ಲೇರಿ ಕಡೆ ಹೋಗುವಾಗ, ಒಂದು ನೀಲಗಿರಿ ತೋಪು ಮುಗಿದು ಕಾಲುವೆ ನೀರಿನ ಹೊಲ ಶುರುವಾಗುವಲ್ಲಿ, ನಕ್ಷೆ ಎರಡು ಕಂಬ ತೋರಿಸುತ್ತಿತ್ತು. ನೆಲದ ಮೇಲೆ ಇದ್ದದ್ದು ಒಂದೇ. ಇನ್ನೊಂದು ಇರಬೇಕಾದಲ್ಲಿ, ಇಪ್ಪತ್ತು ಹೆಜ್ಜೆ ಆಚೆ, ಹುಲ್ಲಿನೊಳಗೆ ಒಡೆದ ಸಿಮೆಂಟಿನ ಒಂದು ಬುಡ.

"ಕಾಕಾ, ಈ ಕಂಬ ಎಲ್ಲಿ ಹೋತು?"

"ಕಿತ್ತಾರ."

"ಯಾಕ?"

"ಯಾರೂ ಏರಾಕ ಒಲ್ಲೆ ಅಂದ್ರು. ಅದಕ್ಕ ಕಿತ್ತು ಇಲ್ಲಿ ಹೊಸಾದು ನಟ್ಟರು." ಅಷ್ಟು ಹೇಳಿ ಬೀಡಿ ಹಚ್ಚಿದ. ಬೀಡಿ ಹಚ್ಚಿದನೆಂದರೆ ಫಕ್ಕೀರಪ್ಪನ ಕಚೇರಿ ಬಂದ್.

ನಾನು ಕಡ್ಡಿಯಿಂದ ಆ ಇಲ್ಲದ ಕಂಬವನ್ನು ಅಳಿಸಿದೆ. ಸಂಜೆ ಮಶಿನ್ನನ್ನು ಕಚೇರಿಯ ಕಂಪ್ಯೂಟರಿಗೆ ಜೋಡಿಸಿದೆ. ಮರುದಿನ ಬೆಳಿಗ್ಗೆ ತೆರೆದರೆ ಕಂಬ ವಾಪಸ್ಸು ಬಂದು ನಿಂತಿತ್ತು. ಮತ್ತೆ ಅಳಿಸಿದೆ, ಮತ್ತೆ ಬಂತು. ಕಾರಣ ನನಗೆ ಗೊತ್ತಿತ್ತು: ಅಳಿಸಿದ್ದನ್ನು ಹಾವೇರಿಯಲ್ಲಿ ಸಾಹೇಬರು ಮಂಜೂರು ಮಾಡಬೇಕು, ಮಾಡದಿದ್ದರೆ ಹಳೆಯದೇ ಮರಳುತ್ತದೆ. ಗೊತ್ತಿದ್ದರೂ, ಹನ್ನೊಂದು ದಿನ ಅಳಿಸಿ, ಹನ್ನೊಂದು ಬೆಳಿಗ್ಗೆ ಅದೇ ಕಂಬ ಅದೇ ಜಾಗದಲ್ಲಿ ನಿಂತಿದ್ದನ್ನು ನೋಡಿದರೆ, ಗೊತ್ತಿರುವುದು ಅಷ್ಟಾಗಿ ನೆರವಿಗೆ ಬರುವುದಿಲ್ಲ.

ನೀಲಿ ಚುಕ್ಕೆಯೂ ಅಲ್ಲಿ ಸರಿಯಾಗಿ ನಿಲ್ಲುತ್ತಿರಲಿಲ್ಲ. ನಾನು ಹೊಸ ಕಂಬದ ಬುಡದಲ್ಲಿ ಅಲುಗಾಡದೆ ನಿಂತಿದ್ದರೂ, ಪರದೆಯ ಮೇಲಿನ ನಾನು ನಡುಗುತ್ತ, ಒಂದೊಂದೇ ಹೆಜ್ಜೆ ಸರಿಯುತ್ತ ಇಲ್ಲದ ಕಂಬದ ಕಡೆ ಹೋಗುತ್ತಿದ್ದೆ. ಉಪಗ್ರಹದ ಲೆಕ್ಕ ಅಷ್ಟಿಷ್ಟು ತಪ್ಪುವುದು ಮಾಮೂಲು, ನೀಲಗಿರಿ ಮರಗಳು ಬೇರೆ ಅಡ್ಡ. ಫಕ್ಕೀರಪ್ಪ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದ.

"ನೀ ಇಲ್ಲಿ ನಿಂತಿ. ಮತ್ತ ಅಲ್ಲಿ ಹೊಂಟಾಂವ ಯಾರು?"

ನಾನು ಪಾಟೀಲ ಸಾಹೇಬರ ದನಿಯಲ್ಲಿ, "ವಿಷಯ ಏನಂದ್ರ, ಅದು ತಾಂತ್ರಿಕ ದೋಷ" ಎಂದೆ. ಅವನು ನಗಲಿಲ್ಲ. ತೋಪಿನ ಅಂಚಿನಲ್ಲಿ ಐದಾರು ಚಿಗರಿ ಜಿಂಕೆ ನಿಂತಿದ್ದವು. ನಮ್ಮನ್ನು ಕಂಡರೆ ಓಡುವ ಪ್ರಾಣಿಗಳು ಅವತ್ತು ಓಡಲಿಲ್ಲ. ಎಲ್ಲವೂ ಕತ್ತೆತ್ತಿ ಆ ಸಿಮೆಂಟಿನ ಬುಡದ ಕಡೆಗೇ ನೋಡುತ್ತಿದ್ದವು. ಅಥವಾ ಅದರಾಚೆಯ ನೀರಿನ ಕಡೆಗೆ. ನೀರಿನ ಕಡೆಗೇ ಎಂದು ನಾನು ನನಗೆ ಹೇಳಿಕೊಂಡೆ.

ಫಕ್ಕೀರಪ್ಪನದು ಒಂದು ಪದ್ಧತಿಯಿತ್ತು. ಯಾವ ಕಂಬವೇ ಇರಲಿ, ಏರುವ ಮುನ್ನ ಅಂಗೈಯನ್ನು ಕಂಬಕ್ಕೆ ಒತ್ತಿ, ಯಾರಿಗೂ ಕೇಳಿಸದಂತೆ ಹೇಳುತ್ತಿದ್ದ: "ಏರತೇನಿ. ಇಳದ ಮ್ಯಾಲ ಮಾತಾಡತೇನಿ." ಯಾರಿಗೂ ಕೇಳಿಸದ್ದು ನನಗೆ ಕೇಳಿಸುತ್ತದೆ, ಅದೇ ನನ್ನ ಹೊಟ್ಟೆಪಾಡು. ಆ ಎರಡು ಮಾತು ಹೇಳುವಾಗ ಅವನ ದನಿಯಲ್ಲಿ ಮರಳು ಇರುತ್ತಿರಲಿಲ್ಲ. ಬೇರೆ ಯಾರದೋ ದನಿಯ ಹಾಗೆ ತುಸು ಎಳೆದು, ಕೊನೆಯಲ್ಲಿ ನಗು ಇಟ್ಟು ಹೇಳುತ್ತಿದ್ದ. ಕಲಿಯಲು ಅದೊಂದೇ ನನಗೆ ಕಷ್ಟವಾಗಿದ್ದು.

ಇನ್ನು ಲೈನ್ ಪಡೆಯುವ ರೀತಿ. ಕಂಬ ಏರುವ ಮುನ್ನ ಲೈನ್‌ಮ್ಯಾನ್ ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಆ ಲೈನ್ ಬಂದ್ ಮಾಡಿಸಬೇಕು. ಅಲ್ಲಿಯವರು ಸ್ವಿಚ್ ತೆಗೆದು, ಏರುವವನ ಹೆಸರನ್ನು ರಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಅವನೇ ಇಳಿದು ಬಂದು "ಇಳಿದೆ" ಎನ್ನುವವರೆಗೆ ಸಾಕ್ಷಾತ್ ಮಂತ್ರಿಯೇ ಬಂದು ನಿಂತರೂ ಕರೆಂಟು ಬಿಡುವಂತಿಲ್ಲ. ಕಾಗದದ ಮೇಲೆ ಇದಕ್ಕೆ ಚೀಟಿ, ಸಹಿ ಎಲ್ಲ ಉಂಟು. ಹೊಲದಲ್ಲಿ ನಿಂತವನಿಗೆ ಇರುವುದು ದನಿಯೊಂದೇ. ಸಬ್‌ಸ್ಟೇಷನ್ನಿನವರು ಪ್ರತಿ ಲೈನ್‌ಮ್ಯಾನನ ದನಿ ಬಲ್ಲರು. ದನಿಯೇ ಸಹಿ.

ಮೇಡ್ಲೇರಿ ದಾರಿಯ ಸಬ್‌ಸ್ಟೇಷನ್ನಿನಲ್ಲಿ ಹಗಲು ಪಾಳಿ ಗಿರಿಜಕ್ಕನದು. ನಾನು ಅವಳನ್ನು ಕಂಡಿರಲಿಲ್ಲ, ಕೇಳಿದ್ದೆ ಅಷ್ಟೇ. "ಯಾವ ಲೈನ್? ಯಾರು ಏರೂದು?" ಎಂದು ಕತ್ತರಿಯಿಂದ ಬಟ್ಟೆ ಕತ್ತರಿಸಿದ ಹಾಗೆ ಕೇಳುತ್ತಿದ್ದಳು. ನಾನು ಸುಮ್ಮನಿರಬೇಕಲ್ಲ? ಎರಡು ಮೂರು ಸಲ ಬೇರೆ ಬೇರೆ ಲೈನ್‌ಮ್ಯಾನ್‌ಗಳ ದನಿಯಲ್ಲಿ ಫೋನು ಮಾಡಿ "ಅಕ್ಕಾರ, ಊಟ ಆತೇನ್ರಿ?" ಎಂದು ಕೇಳಿದ್ದೆ. ಪ್ರತಿ ಸಲವೂ ಅವಳು ಆಯಾ ಲೈನ್‌ಮ್ಯಾನನ ಹೆಸರು ಹಿಡಿದೇ ಉತ್ತರಿಸಿದ್ದಳು. ಪದಕ ಸಿಕ್ಕಷ್ಟು ಖುಷಿಯಾಗಿತ್ತು ನನಗೆ.

ಫೆಬ್ರುವರಿಯ ಒಂದು ದಿನ ಪಾಟೀಲ ಸಾಹೇಬರು ದೊಡ್ಡ ಪರೀಕ್ಷೆ ಇಟ್ಟರು. ಹಾವೇರಿಯಲ್ಲಿ ಮೇಲಧಿಕಾರಿಗಳು ನಕ್ಷೆಯ ಮುಂದೆ ಕೂಡುತ್ತಾರೆ. ನೀಲಗಿರಿ ತೋಪಿನ ಪಕ್ಕದ ಅದೇ ಹೊಸ ಕಂಬದ ಮೇಲೆ ತಂತಿ ಹೊರುವ ಒಂದು ಪಿಂಗಾಣಿ ಬಟ್ಟಲು ಬಿರುಕು ಬಿಟ್ಟಿತ್ತು, ಅದಕ್ಕೆ ನಕ್ಷೆಯಲ್ಲಿ ಆ ಕಂಬ ಕೆಂಪು. ಫಕ್ಕೀರಪ್ಪ ಬಟ್ಟಲು ಬದಲಿಸಬೇಕು, ಅವತ್ತಿಗೆಂದು ಸಿಮ್ ಹಾಕಿಕೊಟ್ಟ ಮಶಿನ್ನಿನಲ್ಲಿ ನಾನು ಕಡ್ಡಿಯಿಂದ ಒತ್ತಬೇಕು, ಮಧ್ಯಾಹ್ನ ಹನ್ನೆರಡೂವರೆಗೆ ಅಲ್ಲಿ ಅವರ ಕಣ್ಣೆದುರು ಕೆಂಪು ಹಸಿರಾಗಬೇಕು. ನನ್ನ ಕೆಲಸ ಮುಂದಿನ ವರ್ಷವೂ ಇರುತ್ತದೋ ಇಲ್ಲವೋ ಎಂಬುದು ಆ ಹಸಿರಿನಲ್ಲಿತ್ತು.

ನಾವು ತಲುಪಿದಾಗಲೇ ಹನ್ನೆರಡು. ಗಾಳಿ ಸತ್ತುಹೋಗಿತ್ತು. ಬಿಸಿಲಿಗೆ ಕಂಬದ ನೆರಳು ಬುಡದಲ್ಲೇ ಮುದುಡಿ ಕುಳಿತಿತ್ತು. ಫೋನಿನ ಸಿಗ್ನಲ್ ಕಂಬದ ಹತ್ತಿರ ಸಿಗುತ್ತಿರಲಿಲ್ಲ, ಕಾಲುವೆ ಏರಿಯ ಮೇಲೆ ಮಾತ್ರ. ಬೈಕನ್ನು ಅಲ್ಲೇ ನಿಲ್ಲಿಸಿದ್ದೆವು. ಫಕ್ಕೀರಪ್ಪನ ಫೋನೂ ಬೈಕಿನ ಚೀಲದಲ್ಲಿತ್ತು. ಅವನು ಕೆಳಗೆ ಹೋಗಿ ಹಗ್ಗ, ಬೆಲ್ಟು, ಬಟ್ಟಲು ಹೊಂದಿಸಿಕೊಳ್ಳುತ್ತಿದ್ದ. ಉಳಿದ ಕರೆಂಟು ಇಳಿದುಹೋಗಲೆಂದು ತಂತಿಯನ್ನು ಮೊದಲು ನೆಲಕ್ಕೆ ಜೋಡಿಸುವ ಸರಪಳಿ ಇಡೀ ಸೆಕ್ಷನ್ನಿಗೆ ಒಂದೇ ಇತ್ತು, ಅವತ್ತು ಅದು ಬೇರೆ ಕಡೆ ಹೋಗಿತ್ತು.

ಅವನು ಮತ್ತೆ ಕಾಲುವೆ ಏರಿ ಹತ್ತಿ ಬಂದು, ಫೋನು ಮಾಡಿ, ಇಳಿದು ಹೋಗುವಷ್ಟರಲ್ಲಿ ಹತ್ತು ನಿಮಿಷ. ಮುದುಕನ ಕಾಲಿಗೆ ಉಪಕಾರ ಮಾಡೋಣವೆನಿಸಿತು. ಅವನ ಫೋನು ತೆಗೆದು ಸಬ್‌ಸ್ಟೇಷನ್ನಿಗೆ ಹಚ್ಚಿದೆ, ಗಂಟಲಲ್ಲಿ ಮರಳು ತುಂಬಿಕೊಂಡೆ.

"ಯಾವ ಲೈನ್? ಯಾರು ಏರೂದು?"

"ನಾನs ತಂಗೀ, ಫಕ್ಕೀರಪ್ಪ. ಪಂಪ್‌ಸೆಟ್ ಲೈನ್ ಬಂದ್ ಮಾಡು." ಮಶಿನ್ನಿನಲ್ಲಿ ಆ ಕಂಬಕ್ಕೆ ಇದ್ದ ಗೆರೆ ಅದೊಂದೇ.

"ಪಂಪ್‌ಸೆಟ್ ಲೈನ್. ಮತ್ತs?"

ಅವಳು "ಮತ್ತೆ?" ಎಂದದ್ದೇಕೆ ಎಂದು ನಾನು ಯೋಚಿಸಬೇಕಿತ್ತು. ನನಗೆ ಹೊಳೆದದ್ದು ಬೇರೆ. ನಾಟಕಕ್ಕೆ ಒಂದು ಕೊನೆಯ ಒಪ್ಪ ಕೊಡೋಣವೆಂದು, ಆ ಕಷ್ಟದ ದನಿಯಲ್ಲಿ, ತುಸು ಎಳೆದು, ಕೊನೆಯಲ್ಲಿ ನಗು ಇಟ್ಟು, "ಏರತೇನಿ. ಇಳದ ಮ್ಯಾಲ ಮಾತಾಡತೇನಿ" ಎಂದೆ.

ಆ ಕಡೆ ಮಾತಿಲ್ಲ. ಫೋನು ಕಟ್ಟಾಯಿತೋ ಎಂದುಕೊಂಡೆ. ಉಸಿರು ಕೇಳಿಸುತ್ತಿತ್ತು. ಬಹಳ ಹೊತ್ತಿನ ಮೇಲೆ, ಕತ್ತರಿಯ ಮೊನಚೇ ಇಲ್ಲದ ಒಂದು ಸಣ್ಣ ದನಿ ಕೇಳಿತು: "ಯಾವ ಕಂಬ?"

ನಂಬರು ಹೇಳಿದೆ. ಫೋನು ಇಟ್ಟಳು. ಅಷ್ಟರಲ್ಲೇ ಸುತ್ತಲಿನ ಹೊಲದ ಪಂಪುಗಳು ಒಂದೊಂದಾಗಿ ಉಸಿರು ಬಿಟ್ಟು ನಿಂತವು. ಪೈಪುಗಳಲ್ಲಿ ನೀರು ಗೊಳಗೊಳ ಎಂದು ಹಿಂದಕ್ಕಿಳಿಯಿತು. ನಾನು ಓಡಿ ಕಂಬದ ಬುಡಕ್ಕೆ ಬಂದೆ.

"ಲೈನ್ ತಗೊಂಡೇನಿ ಕಾಕಾ, ಏರು."

ಅವನು ಅನುಮಾನದಿಂದ ನೋಡಿದ. "ನಾ ಕೇಳದ ಹೆಂಗ ಕೊಟ್ಲು? ಮಶಿನ್ ಕೇಳತೇನು?"

ಮುಂದೊಂದು ದಿನ ಈ ಮಶಿನ್ನೇ ಲೈನ್ ಕೇಳುತ್ತದೆ ಎಂದು ನಾನೇ ತಿಂಗಳುಗಟ್ಟಲೆ ಕೊಚ್ಚಿಕೊಂಡಿದ್ದೆ. "ಹೂಂ ಕಾಕಾ, ಮಶಿನ್ನs ಕೇಳ್ತು" ಎಂದುಬಿಟ್ಟೆ.

"ಪೂರಾ ಕೇಳತಿಲ್ಲೋ?"

"ಪೂರಾ."

ಅವನು ಅಂಗೈಯನ್ನು ಕಂಬಕ್ಕೆ ಒತ್ತಿ, ತನ್ನ ಎರಡು ಮಾತು ಹೇಳಿ ಏರತೊಡಗಿದ. ನಾನು ಪರದೆ ನೋಡುತ್ತ ನಿಂತೆ. ಗೆರೆಯನ್ನು ನಾನೇ ಕಡ್ಡಿಯಿಂದ ಒತ್ತಿ ಬೂದು ಮಾಡಿದ್ದೆ, ಎಂದರೆ ಬಂದ್. ತಲೆ ಎತ್ತಿ ಎಣಿಸಿದ್ದರೆ ತಂತಿ ಆರು, ಮೂರು ಕೆಳಗೆ, ಮೂರು ಮೇಲೆ. ನಾನು ತಲೆ ಎತ್ತಲಿಲ್ಲ.

ಆ ಮೌನದಲ್ಲಿ ಒಂದು ಸದ್ದು. ಗುಂಯ್. ಜೇನು ಇರಬೇಕೆಂದು ಮರಗಳ ಕಡೆ ನೋಡಿದೆ, ಜೇನಿರಲಿಲ್ಲ. ಮಶಿನ್ನನ್ನು ಕಿವಿಗಿಟ್ಟುಕೊಂಡೆ, ಅದರದೂ ಅಲ್ಲ. ತೋಪಿನ ಅಂಚಿಗೆ ಚಿಗರಿಗಳು ಬಂದು ನಿಂತಿದ್ದವು, ಅವತ್ತಿನ ಹಾಗೆಯೇ ಕತ್ತೆತ್ತಿ. ಪರದೆಯ ಮೇಲೆ ನೀಲಿ ಚುಕ್ಕೆ ನಡುಗಿತು, ನನ್ನ ಕಾಲ ಬುಡದಿಂದ ಹೊರಟಿತು, ಇಪ್ಪತ್ತು ಹೆಜ್ಜೆ ಸರಿದು ಇಲ್ಲದ ಕಂಬದ ಮೇಲೆ ಹೋಗಿ ಗಟ್ಟಿಯಾಗಿ ನಿಂತುಬಿಟ್ಟಿತು. ಕಾಕಾ ಎಂದು ಕೂಗಲು ಬಾಯಿ ತೆರೆದೆ. ಊರಿನ ದನಿಗಳೆಲ್ಲ ಇದ್ದ ಗಂಟಲಿನಿಂದ ಒಂದು ದನಿಯೂ ಹೊರಡಲಿಲ್ಲ.

ಆಗ ಗುಂಯ್ ನಿಂತಿತು.

ಅದರ ಹಿಂದೆಯೇ, ದೂರದ ಊರಿನಲ್ಲಿ ಬೆಳಿಗ್ಗೆಯಿಂದ ಟುಕುಟುಕು ಎನ್ನುತ್ತಿದ್ದ ಹಿಟ್ಟಿನ ಗಿರಣಿಯೂ ನಿಂತಿತು. ಗಿರಣಿ ಓಡುತ್ತಿತ್ತು ಎಂದು ನನಗೆ ಅರಿವಾದದ್ದೇ ಅದು ನಿಂತ ಮೇಲೆ. ಗಿರಣಿ ಓಡುವುದು ಊರಿನ ಲೈನಿನಿಂದ. ತಲೆ ಎತ್ತಿದೆ, ಎಣಿಸಿದೆ: ಮೇಲಿನ ಮೂರು ಆ ಲೈನಿನವು. ಫಕ್ಕೀರಪ್ಪನ ಬಲಗೈ ಮೇಲಿನ ತಂತಿಯಿಂದ ಒಂದು ಮೊಳ ದೂರದಲ್ಲಿತ್ತು.

ಅವನಿಗೆ ಏನೂ ತಿಳಿಯಲಿಲ್ಲ. ಮಂದ ಕಿವಿ, ಮೇಲಾಗಿ ಕೆಲಸದ ಗಮನ. ಬಟ್ಟಲು ಬದಲಿಸಿ, ಇಳಿದು, ಬೆವರು ಒರೆಸಿಕೊಂಡು, "ಒತ್ತೋ ನಿನ್ನ ಕಡ್ಡಿ" ಎಂದ. ಮೂರು ಸಲ ತಪ್ಪು ಜಾಗ ಒತ್ತಿದೆ. ಏರಿಯ ಮೇಲೆ ಸಿಗ್ನಲ್ ಸಿಕ್ಕ ಕೂಡಲೇ ಸುದ್ದಿ ಹಾವೇರಿಗೆ ಹಾರಿತು. ಅಲ್ಲಿ ಕೆಂಪು ಹಸಿರಾಯಿತಂತೆ, ಎಲ್ಲರೂ ಚಪ್ಪಾಳೆ ತಟ್ಟಿದರಂತೆ.

ಚೀಲದಲ್ಲಿ ಫಕ್ಕೀರಪ್ಪನ ಫೋನು ಬಡಿದುಕೊಳ್ಳುತ್ತಿತ್ತು. ಎತ್ತಿದೆ.

"ಯಾರು ಮಾತಾಡೂದು?" ಗಿರಿಜಕ್ಕ.

ಎಷ್ಟು ಹೆದರಿದ್ದರೂ ಅಭ್ಯಾಸ ಸಾಯುವುದಿಲ್ಲ ನೋಡಿ. "ನಾನs ತಂಗೀ, ಫಕ್ಕೀರಪ್ಪ, ಇಳದೇನಿ" ಎಂದೆ, ಮರಳು ಸಮೇತ.

"ಅಲ್ಲ," ಅಂದಳು. "ನೀ ಅಂವ ಅಲ್ಲ. ಫಕ್ಕೀರಣ್ಣ ಎಲ್ಲಿ?"

ಫೋನನ್ನು ಫಕ್ಕೀರಪ್ಪನ ಕೈಗೆ ಕೊಟ್ಟೆ. "ತಂಗೀ, ನಾನs. ಆರಾಮ ಅದೇನಿ," ಎಂದ ಅವನು. ಫೋನಿನಿಂದ ಹೊರಗೆ ನನಗೂ ಕೇಳುವಷ್ಟು ಗಟ್ಟಿಯಾಗಿ ಅವಳು ಹೇಳಿದಳು: "ಆಗಲೂ ಹಿಂಗs ಅಂದಿ. ನೀ ಯಾರಂತ ನನಗ ಹೆಂಗ ಗೊತ್ತಾಗಬೇಕು? ಬಂದು ಎದುರಿಗೆ ನಿಲ್ಲು. ಅಲ್ಲೀತನಕ ಒಂದು ಲೈನೂ ಬಿಡೂದಿಲ್ಲ ನಾನು."

ಫಕ್ಕೀರಪ್ಪ ನಿಧಾನ ನನ್ನ ಕಡೆ ತಿರುಗಿದ. "ಏನ ಮಾಡೀದಿ?"

ಹೇಳಿದೆ, ನನ್ನ ದನಿಯಲ್ಲೇ. ಒಂದೇ ಲೈನ್ ಕೇಳಿದ್ದನ್ನು, ಮಶಿನ್ ಕೇಳಿತು ಎಂದು ಸುಳ್ಳು ಹೇಳಿದ್ದನ್ನು, ಎಲ್ಲ. ಅವನು ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. "ನನ್ನ ದನ್ಯಾಗ ಮತ್ತೇನರ ಅಂದೇನು?" ಎಂದು ಕೇಳಿದ. ಆ ಎರಡು ಮಾತನ್ನೂ ಹೇಳಿದೆ. ಅವನು ಏರಿಯ ಮೇಲೆ ಕುಳಿತುಕೊಂಡ.

"ಆ ಮಾತು ನಂದಲ್ಲೋ ತಮ್ಮಾ. ನಾಗಪ್ಪಂದು. ನನ್ನ ಜೋಡೀ ಲೈನ್‌ಮ್ಯಾನ್. ಮೂರು ವರ್ಷದ ಹಿಂದ ಆ ಹಳೇ ಕಂಬದ ಮ್ಯಾಲ ಹೋದ. ಒಂದು ಲೈನ್ ಬಂದ್ ಆಗಿತ್ತು, ಇನ್ನೊಂದು ಆಗಿರಲಿಲ್ಲ. ಏರೂ ಮುಂದ ದಿನಾ ಮನೀಗೆ ಫೋನ್ ಮಾಡಿ ಹೇಣ್ತಿಗೆ ಅದನ್ನ ಹೇಳಾಂವ. ಅವತ್ತೂ ಹೇಳಿದ್ದ." ಮತ್ತೆ ಅಂದ: "ಗಿರಿಜಾ ಅವನ ಹೇಣ್ತಿ. ಅವನ ನೌಕರಿ ಅಕಿಗೆ ಕೊಟ್ಟಾರ. ಅಕಿ ಮುಂದ ಆ ಮಾತು ನಾ ಒಂದ ದಿನಾನೂ ಆಡಿಲ್ಲ."

ನಾಗಪ್ಪ ಎಂಬವನನ್ನು ನಾನು ಕಂಡವನಲ್ಲ, ಅವನ ದನಿ ಕೇಳಿದವನಲ್ಲ. ಫಕ್ಕೀರಪ್ಪ ಮೂರು ವರ್ಷ ಅವನನ್ನು ತನ್ನ ಬಾಯಲ್ಲಿ ಜೋಪಾನ ಮಾಡಿದ್ದ, ನಾನು ಕದ್ದೆ. ಅವಳು ಅದನ್ನು ಕೇಳಿದ್ದಳು, ಅದೇ ಜಾಗದಿಂದ.

ಬೈಕಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಎಲ್ಲವೂ ನಿಂತಿತ್ತು. ಪಂಪು ನಿಂತಿತ್ತು, ಗಿರಣಿ ನಿಂತಿತ್ತು, ಯಾವುದೋ ಮನೆಯ ಲೌಡ್‌ಸ್ಪೀಕರ್ ನಿಂತಿತ್ತು. ಜನ ಬಾಗಿಲಿಗೆ ಬಂದು ಸುಮ್ಮನೆ ತಂತಿಯ ಕಡೆ ನೋಡುತ್ತಿದ್ದರು. ಹಾಡುಹಗಲು, ಒಂದು ನಾಯಿಯೂ ಬೊಗಳಲಿಲ್ಲ. ಎರಡು ಸಲ ತಿರುಗಿ ನೋಡಿದೆ, ಹಿಂದೆ ಫಕ್ಕೀರಪ್ಪ ಇದ್ದಾನೆಯೇ ಎಂದು.

ಗಿರಿಜಕ್ಕ ಸಬ್‌ಸ್ಟೇಷನ್ನಿನ ಗೇಟಿನ ಹೊರಗೇ ನಿಂತಿದ್ದಳು. ಕತ್ತರಿಯ ದನಿಗೆ ನಾನು ಎತ್ತರದ, ಗಡುಸಿನ ಹೆಂಗಸನ್ನು ಕಲ್ಪಿಸಿಕೊಂಡಿದ್ದೆ. ಸಣ್ಣ ಆಳು, ನನ್ನ ಭುಜಕ್ಕೆ ಬರುವಷ್ಟು. ಫಕ್ಕೀರಪ್ಪನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಅವನ ಎರಡೂ ಅಂಗೈ ತಿರುಗಿಸಿ, ಸುಟ್ಟ ಗುರುತಿದೆಯೇ ಎಂದು ನೋಡಿದಳು. ಆಮೇಲೆ ಒಳಗೆ ಕರೆದುಕೊಂಡು ಹೋಗಿ, ರಜಿಸ್ಟರಿನಲ್ಲಿ ಸಹಿ ಹಾಕಿಸಿ, ಒಂದೊಂದೇ ಲೈನ್ ಬಿಟ್ಟಳು. ಪಂಪ್‌ಸೆಟ್ ಲೈನಷ್ಟೇ ಕೇಳಿದ್ದರೂ ಆ ಸಬ್‌ಸ್ಟೇಷನ್ನಿನಲ್ಲಿದ್ದ ಎಲ್ಲ ಲೈನನ್ನೂ ತೆಗೆದುಹಾಕಿದ್ದಳು. ಯಾಕೆಂದು ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಒಂದು ಗಂಟೆಯ ಮೇಲೆ ಹಾವೇರಿಯಿಂದ ಜೀಪು ಬಂತು. ಊರಿನವರೆಲ್ಲ ಫೋನು ಮಾಡಿ ಪಾಟೀಲ ಸಾಹೇಬರ ಪ್ರಾಣ ತಿಂದಿದ್ದರು. ಹಸಿರಿನ ಖುಷಿ ಒಂದು ಕಡೆ, ಕರೆಂಟು ಹೋದ ಊರುಗಳ ಸಿಟ್ಟು ಒಂದು ಕಡೆ, ಯಾವುದನ್ನು ಮೊದಲು ಮುಖದ ಮೇಲೆ ತರಬೇಕೆಂದು ತಿಳಿಯದೆ ಬಂದರು. ನಾನು ಎಲ್ಲ ಒಪ್ಪಿಕೊಂಡೆ. ಅವರು ಒಮ್ಮೆ ಕೆಮ್ಮಿದರು. ಮೊದಲ ಬಾರಿಗೆ ಆ ಕೆಮ್ಮು ನನಗೆ ನಗು ತರಿಸಲಿಲ್ಲ.

"ವಿಷಯ ಏನಂದ್ರ," ಎಂದರು, "ದನಿ ನಂಬಿದ್ದಕ್ಕs ಇದು ಆತು. ಯಾಂವ ಬೇಕಾದಾಂವ ದನಿ ಮಾಡಬಹುದು. ಮಶಿನ್ನಿಗೆ ಒಂದು ನಂಬರ್ ಐತಿ, ಅದನ್ನ ಯಾರೂ ಕದಿಯಾಕ ಬರೂದಿಲ್ಲ. ಇನ್ನ ಮ್ಯಾಲ ಲೈನ್ ಕೇಳೂದು ಮಶಿನ್ನs. ಒಂದು ಗುಂಡಿ ಇಟ್ಟುಬಿಡೂನು." ನನ್ನ ಕಡೆ ತಿರುಗಿ, "ಆಗತೈತೇನಪಾ?" ಎಂದರು.

ನಾಚಿಕೆಯಿಲ್ಲದ ಬಾಯಿ ನನ್ನದು. "ಎರಡು ವಾರದಾಗ ಮಾಡಿ ಕೊಡ್ತೇನ್ರಿ ಸರ್" ಎಂದಿತು. ಫಕ್ಕೀರಪ್ಪ ನೆಲ ನೋಡಿದ.

ನಾನು ಆ ಕೆಲಸ ಬಿಡುವವರೆಗೂ ನಮ್ಮ ಮಶಿನ್ನಿನಲ್ಲಿ ಆ ಗುಂಡಿ ಬರಲಿಲ್ಲ. ಆಮೇಲೆ ಆ ಮಾತನ್ನು ಸಾಹೇಬರೂ ಎತ್ತಲಿಲ್ಲ, ನಾನಂತೂ ಎತ್ತಲಿಲ್ಲ. ಅವತ್ತು, ಸಾಹೇಬರ ಮಾತು ಮುಗಿದದ್ದೇ, ಗಿರಿಜಕ್ಕ ರಜಿಸ್ಟರನ್ನು ಮುಚ್ಚಿ, ಎರಡು ಕೈಯಲ್ಲಿ ಹಿಡಿದು, ಅದನ್ನು ಸಾಹೇಬರ ಮುಂದೆ ಮೇಜಿನ ಮೇಲಿಟ್ಟಳು. ದನಿ ಏರಿಸಲಿಲ್ಲ.

"ಇಡ್ರಿ ಸಾಹೇಬ್ರ, ಗುಂಡಿ ಇಡ್ರಿ. ಆದ್ರ ಮಶಿನ್ ತಪ್ಪಿದ ದಿವಸ ಈ ರಜಿಸ್ಟರಿಗೆ ಸಹಿ ಮಾಡಾಕ ಕಂಬ ಏರಿದವನ ಹೇಣ್ತೀನ ಕರಸ್ರಿ. ಎಲ್ಲಿ ಮಾಡಬೇಕು ಅನ್ನೂದನ್ನ ನಾ ಅಕಿಗೆ ತೋರಸ್ತೇನಿ."